ಕಡಲ ಮನೆಯ ವಸಂತ ವಿರಾಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಒಂದೇ ಮನೆಯ ತಾಪತ್ರಯವನ್ನು ಲೆಕ್ಕಕ್ಕೆ ಹಿಡಿದಿದ್ದರೆಂದು ತೋರುತ್ತದೆ. ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರಲ್ಲಿ ಎರಡು ಮನೆಗಳನ್ನುಳ್ಳವರು ಕಡಮೆಯಿಲ್ಲ. ಹಳೆಯ ನಿಜಾಮ ಸಂಸ್ಥಾನದ ಕನ್ನಡ ಜಿಲ್ಲೆಗಳಾಗಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದವರಿಗೆ ಹುಟ್ಟೂರು ಒಂದು ರಾತ್ರಿಯ ಪ್ರಯಾಣಕ್ಕಿಂತ ದೂರವಲ್ಲ. ಆದರೆ ಉಡುಪಿ, ಕುಂದಾಪುರ, ಪುತ್ತೂರು, ಕಾಸರಗೋಡು, ಹೊನ್ನಾವರ, ಕುಮಟಾ ಕಡೆಗಳಿಂದ ಹೋಟೆಲು, ಬ್ಯಾಂಕು, ಅಧ್ಯಾಪನಗಳ ನಿಮಿತ್ತ ಬಂದು ಇಲ್ಲಿಯೇ ನೆಲೆನಿಂತವರಿಗೆ ಊರಿನ ಮನೆ ಘಟ್ಟದ ಆಚೆಗಿನದು. ವರ್ಷದ ಹತ್ತು ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿರುವ ಆ ಮನೆಗೆ ವಸಂತ ಋತು ಬಂದಾಗ ಜೀವ ಬರುತ್ತದೆ.

ಮಕ್ಕಳು ದೊಡ್ಡವರಾಗಿ ದೇಶಾಂತರ ಹೋದ ಬಳಿಕ ಹೀಗೆ ಹೊರಡುವವರು ಬಹುಮಟ್ಟಿಗೆ ಗಂಡ ಹೆಂಡಿರಿಬ್ಬರೇ. ಹೈದರಾಬಾದಿನಲ್ಲಿ ಚಾಂದ್ರಮಾನ ಯುಗಾದಿಯ ಬೇವು ಬೆಲ್ಲ ಮುಗಿಸಿ, ಏಪ್ರಿಲ್ ನಡುವಿನಲ್ಲಿ ಬರುವ ಸೌರಮಾನದ ವಿಷುವಿಗೆ ಊರಿನ ಮನೆಯಲ್ಲಿ ಕಣಿ ಇಡುವ ದಂಪತಿಗಳು ಒಂದೇ ವಸಂತದಲ್ಲಿ ಎರಡು ಹೊಸ ವರ್ಷಗಳನ್ನು ಕಾಣುವ ಭಾಗ್ಯವಂತರು. ಜಾತ್ರೆ, ತಂಬಿಲ, ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ ನಡೆಯುವ ಯಕ್ಷಗಾನ, ಮಾವು, ಹಲಸು, ಕಡಲ ಗಾಳಿ—ಇವೆಲ್ಲವೂ ಮನಸ್ಸನ್ನು ಎಳೆಯುತ್ತವೆ. “ಊರಿಗೆ ಹೋಗಿ ಒಂದು ತಿಂಗಳು ಇದ್ದು ಬಂದರೆ ಆರೋಗ್ಯ ಸರಿಹೋಗುತ್ತದೆ” ಎಂಬ ಮಾತು ಇಂಥ ಮನೆಗಳಲ್ಲಿ ಸಾಮಾನ್ಯ. ಈ ಮಾತು ಎಷ್ಟರಮಟ್ಟಿಗೆ ನಿಜ, ನಿಜವಾಗಬೇಕಾದರೆ ಏನು ಮಾಡಬೇಕು ಎಂಬುದು ಇಲ್ಲಿಯ ವಿಚಾರ.

ಕಡಲ ಗಾಳಿ ಕಲಿಸಿದ ಪಾಠ

ಕಡಲತೀರದ ಎರಡನೆಯ ಮನೆಯಲ್ಲಿ ಆರೋಗ್ಯವನ್ನು ಅರಸುವ ಕ್ರಮ ಜಗತ್ತಿಗೆ ಹೊಸದಲ್ಲ. ಫ್ರಾನ್ಸಿನ ದಕ್ಷಿಣ ತೀರವು ಇದಕ್ಕೆ ಹೆಸರಾದುದು. ಸ್ವತಃ ವೈದ್ಯನೂ ಕಾದಂಬರಿಕಾರನೂ ಆಗಿದ್ದ ಟೋಬಿಯಸ್ ಸ್ಮಾಲೆಟ್ 1763ರಲ್ಲಿ ತನ್ನ ಒಬ್ಬಳೇ ಮಗಳನ್ನು ಕಳೆದುಕೊಂಡು, ಎದೆಯ ಬೇನೆಯಿಂದ ಬಳಲುತ್ತ, ಪತ್ನಿಯೊಡನೆ ಇಂಗ್ಲೆಂಡನ್ನು ಬಿಟ್ಟು ನೀಸ್ ಪಟ್ಟಣಕ್ಕೆ ಬಂದನು. ಅಲ್ಲಿ ಸಮುದ್ರಸ್ನಾನ ಮಾಡುತ್ತ, ದಿನದಿನದ ಹವೆಯನ್ನು ಬರೆದಿಡುತ್ತ ಕಳೆದ ಕಾಲದ ವೃತ್ತಾಂತವನ್ನು 1766ರಲ್ಲಿ ಪ್ರಕಟಿಸಿದನು. 1834ರಲ್ಲಿ ಲಾರ್ಡ್ ಬ್ರೌಮ್ ಕಾನ್ ಎಂಬ ಊರನ್ನು ಮೆಚ್ಚಿ ಅಲ್ಲಿ ಮನೆ ಕಟ್ಟಿಸಿದನು. 1859ರಲ್ಲಿ ಕ್ಷಯಪೀಡಿತನಾಗಿ ಮಾಂತೋಂ ಊರಿಗೆ ಬಂದು ಚೇತರಿಸಿಕೊಂಡ ಡಾಕ್ಟರ್ ಬೆನೆಟ್ ಬರೆದ ಬರಹಗಳನ್ನು ಓದಿ ರೋಗಿಗಳು ಗುಂಪುಗುಂಪಾಗಿ ಅತ್ತ ನಡೆದರು. ಚಳಿಗಾಲ ಮತ್ತು ವಸಂತವನ್ನು ಅಲ್ಲಿ ಕಳೆದು, ಬೇಸಗೆ ಬಲಿತೊಡನೆ ಹಿಂದಿರುಗುವುದು ಅಂದಿನ ಪದ್ಧತಿಯಾಗಿತ್ತು. ಇಂದು ಫ್ರಾನ್ಸಿನ ಮನೆಗಳಲ್ಲಿ ಹತ್ತರಲ್ಲೊಂದು ಪಾಲು ಹೀಗೆ ಬಿಡುವಿಗಾಗಿ ಇಟ್ಟುಕೊಂಡ ಎರಡನೆಯ ಮನೆ.

ಆದರೆ ಮಾಂತೋಂನ ಹಳೆಯ ಸ್ಮಶಾನದಲ್ಲಿ ಗುಣಹೊಂದಲೆಂದು ಬಂದ ಪರದೇಶೀಯರ ಸಮಾಧಿಗಳೂ ಬಹಳವಾಗಿವೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಮೇಲೆ, ಆ ಕ್ರಿಮಿಯನ್ನು ಕಡಲ ಗಾಳಿ ಕೊಲ್ಲಲಾರದೆಂಬುದು ಸ್ಪಷ್ಟವಾಯಿತು. ವಿಶ್ರಾಂತಿ, ಹಿತವಾದ ಆಹಾರ, ಬೆಳಕು, ಮನಸ್ಸಿನ ನೆಮ್ಮದಿ ಇವುಗಳಿಂದ ಆದಷ್ಟು ಉಪಕಾರವಾದೀತೇ ಹೊರತು ಸ್ಥಳವೇ ಔಷಧಿಯಲ್ಲ. ಸ್ಥಳದಲ್ಲಿ ಬಾಳುವ ರೀತಿಯಿಂದ ಆರೋಗ್ಯ ಬರಬೇಕು. ಕನ್ನಡ ಕರಾವಳಿಯ ಮನೆಗೆ ಹೊರಡುವ ದಂಪತಿಗಳೂ ಮೊದಲು ಮನಗಾಣಬೇಕಾದ ವಿಷಯ ಇದೇ.

ಹೂಜಿಯೂ ದೇಹವೂ

ಆಯುರ್ವೇದದ ಆಚಾರ್ಯರು ಭೂಮಿಯನ್ನು ವಿಭಾಗಿಸುವಾಗ ಒಣಹವೆಯ ಜಾಂಗಲ ದೇಶವೆಂದೂ ನೀರು ಹೆಚ್ಚಾಗಿರುವ ಆನೂಪ ದೇಶವೆಂದೂ ಹೆಸರಿಸಿದರು. ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿ, ದಖ್ಖನಿನ ಬಂಡೆಗಳ ನಡುವೆ ಇರುವ ಹೈದರಾಬಾದು ಬೇಸಗೆಯಲ್ಲಿ ಮೊದಲನೆಯದರ ಲಕ್ಷಣವನ್ನು ತೋರಿದರೆ, ಕರಾವಳಿ ಎರಡನೆಯದಕ್ಕೆ ಸೇರುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಹೈದರಾಬಾದಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ; ಮಂಗಳೂರಿನಲ್ಲಿ ಅದು ಸಾಮಾನ್ಯವಾಗಿ 33-35ರ ಆಸುಪಾಸಿನಲ್ಲಿರುತ್ತದೆ. ಅಂಕಿಯನ್ನು ಮಾತ್ರ ನೋಡಿದವರು ಕರಾವಳಿ ತಂಪೆಂದು ಭ್ರಮಿಸುತ್ತಾರೆ.

ಇದರ ಗುಟ್ಟನ್ನು ಮಣ್ಣಿನ ಹೂಜಿಯಿಂದ ತಿಳಿಯಬಹುದು. ಹೈದರಾಬಾದಿನಲ್ಲಿ ಹೂಜಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿರುತ್ತದೆ. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರನ್ನು ಒಣಗಾಳಿ ಹೀರಿ ಆವಿಯಾಗಿಸುವಾಗ, ಹೂಜಿಯ ಒಳಗಿನ ಶಾಖವೂ ಅದರೊಡನೆ ಹೋಗುತ್ತದೆ. ಅದೇ ಹೂಜಿಯನ್ನು ಕಡಲತೀರದ ಜಗಲಿಯಲ್ಲಿಟ್ಟರೆ ಮೈಮೇಲೆ ಹನಿ ನಿಲ್ಲುತ್ತದೆ, ನೀರು ಅಷ್ಟು ತಂಪಾಗದು. ಗಾಳಿಯಲ್ಲಿ ಆಗಲೇ ನೀರಿನ ಅಂಶ ತುಂಬಿರುವುದರಿಂದ ಅದು ಇನ್ನಷ್ಟನ್ನು ಹೀರಲಾರದು. ಮನುಷ್ಯದೇಹವೂ ಇಂಥದೇ ಒಂದು ಹೂಜಿ. ಬೆವರು ಸುರಿದರೆ ಸಾಲದು, ಅದು ಆರಬೇಕು. ಆರಿದರೆ ಮಾತ್ರ ಮೈ ತಂಪಾಗುತ್ತದೆ. ಸೆಕೆಯೆಂದು ಕರಾವಳಿಯವರು ಕರೆಯುವುದು ಈ ಆರದ ಬೆವರಿನ ಸಂಕಟವನ್ನೇ. ದೇಹದ ನೀರು ಮತ್ತು ಉಪ್ಪು ಹೊರಗೆ ಹೋಗುತ್ತಲೇ ಇದ್ದರೂ ತಂಪು ದೊರೆಯದು. ಹೃದಯಕ್ಕೆ ಶ್ರಮ ಹೆಚ್ಚುತ್ತದೆ.

ಹೊಸ ಹವೆಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಋತುಸಂಧಿಯೆಂಬ ಕಲ್ಪನೆಯೊಂದಿದೆ: ಹೋಗುವ ಋತುವಿನ ಕೊನೆಯ ವಾರ ಮತ್ತು ಬರುವ ಋತುವಿನ ಮೊದಲ ವಾರ ಸೇರಿ ಸಂಧಿಕಾಲ, ಆಗ ಹಳೆಯ ಕ್ರಮವನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕು. ಋತುವಿಗೆ ಹೇಳಿದ ಈ ವಿವೇಕವನ್ನು ಊರಿಂದೂರಿಗೆ ಹೋಗುವವರು ದೇಶಸಂಧಿಯೆಂದು ಕರೆದು ಪಾಲಿಸಿದರೆ ತಪ್ಪಿಲ್ಲ. ಮೊದಲ ವಾರ ತೋಟ ಸುತ್ತುವುದು, ಅಟ್ಟ ಹತ್ತುವುದು, ನಡುಹಗಲಿನ ಜಾತ್ರೆಯ ಜನಸಂದಣಿ ಇವು ಬೇಡ. ರಕ್ತದೊತ್ತಡಕ್ಕೆ, ವಿಶೇಷವಾಗಿ ಮೂತ್ರವನ್ನು ಹೆಚ್ಚಿಸುವ ಮಾತ್ರೆಗಳನ್ನು, ಸೇವಿಸುವವರಿಗೆ ಸೆಕೆಯಲ್ಲಿ ಒತ್ತಡ ಇಳಿದು ತಲೆ ತಿರುಗುವುದುಂಟು. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಹೊರಡುವ ಮುನ್ನವೇ ವೈದ್ಯರನ್ನು ಕೇಳಿಕೊಂಡಿರಬೇಕು.

ದಾರಿಯ ಹೊತ್ತು

ಕಾಚಿಗುಡದಿಂದ ಮಂಗಳೂರಿಗೆ ಹೋಗುವ ರೈಲು ತಮಿಳುನಾಡು, ಕೇರಳಗಳನ್ನು ಬಳಸಿಕೊಂಡು ಸುಮಾರು ಒಂದು ಹಗಲು ಒಂದು ರಾತ್ರಿ ಸಾಗುತ್ತದೆ. 2024ರಲ್ಲಿ ಅದನ್ನು ಮುರುಡೇಶ್ವರದವರೆಗೆ ವಿಸ್ತರಿಸಿದ ಮೇಲೆ ಉಡುಪಿ, ಕುಂದಾಪುರಗಳವರಿಗೂ ಅನುಕೂಲವಾಗಿದೆ. ಇಷ್ಟು ಹೊತ್ತು ಕಾಲು ಇಳಿಬಿಟ್ಟು ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವುಂಟು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಕುಳಿತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ಶೌಚಕ್ಕೆ ಹೋಗಬೇಕಾದೀತೆಂದು ನೀರು ಕುಡಿಯುವುದನ್ನು ಬಿಡದಿರುವುದು—ಇಷ್ಟು ಸಾಕು. ಪ್ರಯಾಣದ ಬಳಿಕ ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕದೆ ವೈದ್ಯರಿಗೆ ತೋರಿಸಬೇಕು.

ಔಷಧಿಗಳನ್ನು ಕೆಳಗಿಡುವ ಪೆಟ್ಟಿಗೆಯಲ್ಲಿ ತುಂಬದೆ ಕೈಚೀಲದಲ್ಲಿಯೇ ಇರಿಸಿಕೊಳ್ಳತಕ್ಕದ್ದು. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿಯ ತಂಪು ಬೇಕು. ಹೈದರಾಬಾದಿನಲ್ಲಿ ವಿದ್ಯುತ್ತು ಹೋದಾಗ ಮಣ್ಣಿನ ಮಡಕೆಯಲ್ಲಿಟ್ಟು ಕಾಪಾಡುವ ಉಪಾಯ ಹೂಜಿಯ ನ್ಯಾಯದಿಂದಲೇ ಕರಾವಳಿಯಲ್ಲಿ ಅಷ್ಟು ಫಲಕಾರಿಯಲ್ಲ. ಪಕ್ಕದ ಮನೆಯ ಅಥವಾ ಔಷಧಿ ಅಂಗಡಿಯ ಶೀತಪೆಟ್ಟಿಗೆಯ ಆಸರೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು.

ಮುಚ್ಚಿದ ಮನೆ, ಕಲಕದ ಬಾವಿ

ತಿಂಗಳುಗಟ್ಟಲೆ ಮುಚ್ಚಿದ್ದ ಮನೆಯೊಳಗೆ ಹೆಂಚಿನ ಸಂದಿಯ ಧೂಳು, ಬೂಷ್ಟು, ಇಲಿ ಹೆಗ್ಗಣಗಳ ಹಿಕ್ಕೆ, ಬಾವಲಿಗಳ ಕಸ ಇವೆಲ್ಲ ಸೇರಿರುತ್ತವೆ. ಬಂದವರೇ ಸೆರಗು ಬಿಗಿದು ಪೊರಕೆ ಹಿಡಿಯುವುದು ಉಬ್ಬಸದವರಿಗೆ ಅಪಾಯಕರ. ಬಾಗಿಲು ಕಿಟಕಿಗಳನ್ನೆಲ್ಲ ತೆರೆದು ಕೆಲವು ಗಂಟೆ ಗಾಳಿಯಾಡಿಸಿ, ನೀರು ಚಿಮುಕಿಸಿ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಬರುವುದರಿಂದ ಕೈಕಾಲುಗಳಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಬಂದು ಸೇರುವ ಎರಡು ದಿನ ಮೊದಲೇ ಊರಿನವರೊಬ್ಬರಿಗೆ ಕೂಲಿ ಕೊಟ್ಟು ಈ ಕೆಲಸವನ್ನು ಮಾಡಿಸುವುದು ಜಿಪುಣತನಕ್ಕಿಂತ ಬುದ್ಧಿವಂತಿಕೆ. ಹಳೆಯ ಬಚ್ಚಲಿನ ಪಾಚಿ, ಮಂಕು ದೀಪ, ಎತ್ತರದ ಹೊಸ್ತಿಲುಗಳಲ್ಲಿ ಎಡವಿ ಸೊಂಟದ ಎಲುಬು ಮುರಿದುಕೊಂಡ ವೃದ್ಧರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮೊದಲ ದಿನವೇ ಪಾಚಿ ಕೆರೆಸಿ, ಪ್ರಕಾಶದ ಬಲ್ಬು ಹಾಕಿಸಬೇಕು.

ಸೌದೆಯ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆಗಳು ಹಾವಿಗೆ ಪ್ರಿಯವಾದ ಸ್ಥಳಗಳು. ರಾತ್ರಿ ಟಾರ್ಚಿಲ್ಲದೆ ಅಂಗಳಕ್ಕಿಳಿಯಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ಹಾನಿಕರ. ಕಚ್ಚಿದ ಅಂಗವನ್ನು ಅಲುಗಿಸದೆ, ಧೈರ್ಯ ಹೇಳುತ್ತ, ವಿಷನಿರೋಧಕ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ನೇರವಾಗಿ ಒಯ್ಯುವುದೊಂದೇ ದಾರಿ.

ಬಾವಿಯ ನೀರು ಅಮೃತವೆಂಬ ಅಭಿಮಾನ ಸಹಜವಾದರೂ, ಸೇದದೆ ನಿಂತ ನೀರನ್ನು ಶುದ್ಧಿಗೊಳಿಸದೆ ಕುಡಿಯಬಾರದು. ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ ಗುಣಿಸಿ, ಬಂದುದನ್ನು 0.785ರಿಂದ ಗುಣಿಸಿದರೆ ಎಷ್ಟು ಘನ ಮೀಟರ್ ನೀರಿದೆಯೆಂದು ತಿಳಿಯುತ್ತದೆ. ಒಂದು ಘನ ಮೀಟರಿಗೆ, ಎಂದರೆ 1000 ಲೀಟರಿಗೆ, 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. 3 ಮೀಟರ್ ವ್ಯಾಸದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್. ಅದಕ್ಕೆ 35 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ನೀರು ಸೇರಿಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಬಾವಿಗಿಳಿಸಿ ಚೆನ್ನಾಗಿ ಕಲಕಬೇಕು. ಒಂದು ಗಂಟೆಯಾದರೂ ನೀರು ಸೇದಕೂಡದು. ಕುಡಿಯುವ ನೀರನ್ನು ಅನಂತರವೂ ಕುದಿಸಿ ಆರಿಸುವುದು ಉತ್ತಮ. ಹೊಳೆಯ ಅಳಿವೆಗೆ ಸಮೀಪದ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಏರುತ್ತದೆ. ಬ್ಲೀಚಿಂಗಾಗಲಿ ಕುದಿಸುವುದಾಗಲಿ ಅದನ್ನು ತೆಗೆಯಲಾರದು. ರಕ್ತದೊತ್ತಡದವರು ಅಂಥ ನೀರನ್ನು ಬಿಟ್ಟು ಬೇರೆ ನೀರನ್ನು ಅವಲಂಬಿಸಬೇಕು. ಬಹುಕಾಲ ಮುಚ್ಚಿದ್ದ ಬಾವಿಗೆ ಕೊಡಪಾನ ತೆಗೆಯಲೆಂದು ಇಳಿಯುವ ಸಾಹಸ ಎಂದಿಗೂ ಬೇಡ. ತಳದಲ್ಲಿ ಪ್ರಾಣವಾಯು ಇಲ್ಲದೆ, ಇಳಿದವನೂ ಅವನನ್ನು ಎತ್ತಲು ಹೋದವನೂ ಒಟ್ಟಿಗೆ ಅಸುನೀಗಿದ ಪ್ರಸಂಗಗಳು ನಡೆಯುತ್ತಲೇ ಇವೆ.

ಹಿಂದೆ ಬರುವ ಜ್ವರ

ಮಲೇರಿಯಾದ ಕಥೆಯಲ್ಲಿ ಈ ಎರಡು ಊರುಗಳೂ ಕೂಡಿಕೊಂಡಿವೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅದಕ್ಕಾಗಿ 1902ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮಂಗಳೂರು 1990ರ ದಶಕದಿಂದ ಬಹಳ ವರ್ಷ ಮಲೇರಿಯಾದ ಬಾಧೆಯನ್ನು ಅನುಭವಿಸಿತು. ಈಚೆಗೆ ಅದು ಬಹುವಾಗಿ ತಗ್ಗಿದ್ದರೂ ಮರೆಯುವಂತಿಲ್ಲ. ಮುಚ್ಚಿದ ಮನೆಯ ತೊಟ್ಟಿ, ಟಾಂಕಿ, ಒಡೆದ ಪಾತ್ರೆಗಳ ನೀರನ್ನು ಚೆಲ್ಲಿ ಸೊಳ್ಳೆಪರದೆ ಕಟ್ಟುವುದು ಮೊದಲ ಕರ್ತವ್ಯ. ವೈವಾಕ್ಸ್ ಜಾತಿಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆಯೂ ತಲೆಯೆತ್ತಬಲ್ಲದು. ಹೈದರಾಬಾದಿಗೆ ಹಿಂದಿರುಗಿದ ಮೇಲೆ ಜ್ವರ ಬಂದರೆ, “ಇಂಥ ತಿಂಗಳು ಕರಾವಳಿಯಲ್ಲಿದ್ದೆವು” ಎಂಬ ಒಂದು ವಾಕ್ಯವನ್ನು ವೈದ್ಯರಿಗೆ ಹೇಳುವುದು ಹತ್ತು ಪರೀಕ್ಷೆಗಳಿಗಿಂತ ಹೆಚ್ಚಿನ ಉಪಕಾರ ಮಾಡಬಹುದು.

ಘಟ್ಟದ ಅಂಚಿನ ಮನೆಗಳವರು ಮಂಗನ ಕಾಯಿಲೆಯ ಎಚ್ಚರವನ್ನೂ ಇಟ್ಟುಕೊಳ್ಳಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಬಹುಜನರನ್ನು ಪೀಡಿಸಿತು; ಉತ್ತರ ಕನ್ನಡದ ಕಾಡಂಚುಗಳಲ್ಲಿಯೂ ಕಾಣಿಸಿಕೊಂಡಿದೆ. ಕಾಡಿನ ಉಣುಗು ಕಚ್ಚುವುದರಿಂದ ಬರುವ ಈ ಜ್ವರದ ಹಂಗಾಮು ಚಳಿಗಾಲದಿಂದ ಮೇ ತಿಂಗಳವರೆಗೆ, ಎಂದರೆ ವಸಂತ ವಿರಾಮದ ಕಾಲವೂ ಅದರಲ್ಲಿ ಸೇರಿದೆ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡದೆಂದು ಅದನ್ನು ಕೈಬಿಡಲಾಗಿದೆ. ಉಣುಗನ್ನು ದೂರವಿಡುವುದೇ ಈಗಿನ ಮುಖ್ಯ ರಕ್ಷಣೆ. ತರಗೆಲೆ ಗುಡಿಸಲು, ಸೌದೆ ಆಯಲು ಕಾಡಿಗೆ ಹೋಗದಿರುವುದು, ಹೋಗಲೇಬೇಕಾದರೆ ಮೈ ಮುಚ್ಚಿಕೊಂಡು ಆರೋಗ್ಯ ಇಲಾಖೆಯವರು ಕೊಡುವ ತೈಲ ಹಚ್ಚಿಕೊಳ್ಳುವುದು, ಮಂಗ ಸತ್ತುದು ಕಂಡರೆ ಮುಟ್ಟದೆ ಸುದ್ದಿ ಮುಟ್ಟಿಸುವುದು ಅವಶ್ಯ. ಜ್ವರದ ಕಾರಣ ತಿಳಿಯುವ ಮೊದಲೇ ಆಸ್ಪಿರಿನ್‌ನಂತಹ ನೋವಿನ ಮಾತ್ರೆ ನುಂಗುವುದು ರಕ್ತಸ್ರಾವಕ್ಕೆ ಎಡೆಮಾಡಬಹುದು. ಹೃದಯಕ್ಕೆಂದು ಅದನ್ನು ನಿತ್ಯ ಸೇವಿಸುವವರು ತಾವೇ ಬಿಡದೆ ವೈದ್ಯರ ಮಾತಿನಂತೆ ನಡೆಯಬೇಕು.

ಕಡಲಿನ ವಿಷಯದಲ್ಲಿ ಒಂದೇ ಮಾತು ಸಾಕು. ಪಡುಬಿದ್ರಿ, ಕಾಸರಕೋಡು ತೀರಗಳು 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಳಿಗಾಗಿ ನೀಲಿ ಪತಾಕೆಯ ಮನ್ನಣೆ ಪಡೆದಿವೆ. ಅಂಥ ಕಾವಲುಗಾರರುಳ್ಳ ತೀರಗಳಲ್ಲಿ ಬೆಳಗ್ಗೆ ಸಂಜೆ ನಡೆದಾಡುವುದು ಆರೋಗ್ಯಕ್ಕೆ ಹಿತ. ಮುಂಗಾರು ಸಮೀಪಿಸುವ ಮೇ ಕೊನೆಯ ಕಡಲು ಬೇರೆಯದೇ. ಮೊಣಕಾಲು ಮೀರಿದ ನೀರಿಗೆ ಆಗ ಇಳಿಯಬಾರದು. ಸೆಳೆತಕ್ಕೆ ಸಿಕ್ಕವರು ಎದುರಾಗಿ ಈಜದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ವಿರಾಮ ಯಾರಿಗೆ?

ಇಷ್ಟೆಲ್ಲ ಎಚ್ಚರಗಳ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಪತಿ ಚಾವಡಿಯಲ್ಲಿ ಕುಳಿತು ಹಳೆಯ ಗೆಳೆಯರೊಡನೆ ಮಾತಿಗೆ ತೊಡಗಿದಾಗ ಪತ್ನಿ ಎಲ್ಲಿರುತ್ತಾಳೆ? ಬಂದುಹೋಗುವವರಿಗೆ ಕಾಫಿ, ಜಾತ್ರೆಗೆ ಬಂದ ನೆಂಟರಿಗೆ ಊಟ, ಮಳೆಗೆ ಮೊದಲು ಮುಗಿಯಬೇಕಾದ ಹಲಸಿನ ಹಪ್ಪಳ, ಸಂಡಿಗೆ, ಮಾಂಬಳ, ಮಾವಿನ ಮಿಡಿಯ ಉಪ್ಪಿನಕಾಯಿ, ಹೈದರಾಬಾದಿನ ನೆರೆಹೊರೆಗೂ ಪರದೇಶದ ಮಕ್ಕಳಿಗೂ ಕಟ್ಟಬೇಕಾದ ಪೊಟ್ಟಣಗಳು—ಅರುವತ್ತು ದಾಟಿದ ಆಕೆ ಒಂದು ಅಡುಗೆಮನೆಯ ಬದಲು ಎರಡನ್ನು ಹೊರುತ್ತಾಳೆ. ಬಿಸಿಲಿನಲ್ಲಿ ಹಪ್ಪಳ ಹರಡುವುದೂ, ಸೌದೆಯ ಒಲೆಯ ಹೊಗೆಯೂ, ಬಾವಿಯ ರಾಟೆಯೂ ಸೇರಿ ಆಕೆಯ ಮಂಡಿ, ಉಸಿರು, ಹೃದಯಗಳನ್ನು ಪರೀಕ್ಷಿಸುತ್ತವೆ. ಹೆಂಗಸರಲ್ಲಿ ಹೃದ್ರೋಗವು ಎದೆನೋವಾಗಿ ಬರದೆ ಆಯಾಸ, ಏದುಸಿರು, ವಾಂತಿ, ಬೆನ್ನು ಅಥವಾ ದವಡೆಯ ನೋವಾಗಿ ಬರುವುದೂ ಉಂಟು. “ಕೆಲಸ ಹೆಚ್ಚಾಯಿತು, ಅದಕ್ಕೆ ಸುಸ್ತು” ಎಂದು ಆಕೆಯೂ, “ಸ್ವಲ್ಪ ಮಲಗು” ಎಂದು ಆತನೂ ಹೇಳುವಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಇಂಥ ಲಕ್ಷಣ ಕಂಡಾಗ ತಡಮಾಡದೆ 108ಕ್ಕೆ ಕರೆಮಾಡಬೇಕು. 2005ರಲ್ಲಿ ಹೈದರಾಬಾದಿನಲ್ಲಿ ಮೊದಲಾದ ಈ ಸೇವೆ 2008ರಿಂದ ಕರ್ನಾಟಕದಲ್ಲಿಯೂ ಉಂಟು.

ಆದುದರಿಂದ ಊರಿಗೆ ಹೊರಡುವ ಮುನ್ನ ದಂಪತಿಗಳು ಕುಳಿತು ಮಾಡಿಕೊಳ್ಳಬೇಕಾದ ಒಪ್ಪಂದವೊಂದಿದೆ. ಮೊದಲ ವಾರ ಅತಿಥಿಗಳಿಲ್ಲ. ಹಪ್ಪಳ, ಉಪ್ಪಿನಕಾಯಿಗಳನ್ನು ಊರಿನ ಮಹಿಳೆಯರ ಕೈಯಿಂದ ಕೊಂಡರೆ ಅವರಿಗೂ ಸಂಪಾದನೆ, ಆಕೆಗೂ ಬಿಡುವು. ನೀರು ಸೇದುವುದು, ಕಾಯಿ ತುರಿಯುವುದು, ಪಾತ್ರೆ ತೊಳೆಯುವುದರಲ್ಲಿ ಆತನ ಪಾಲು ಇರಲಿ. ಊಟವೂ ಸರಳವಾಗಿರಲಿ: ಕುಚಲಕ್ಕಿಯ ಗಂಜಿ, ಬಸಳೆ, ನೀರುಮಜ್ಜಿಗೆ, ಸಕ್ಕರೆ ಕಡಮೆ ಮಾಡಿದ ಪುನರ್ಪುಳಿಯ ಪಾನಕ. ದಿನಕ್ಕೆ 5 ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವಾಗ ಹಪ್ಪಳ, ಮಿಡಿಗಳು ರುಚಿಗೆ ಮಾತ್ರ. ಮಧುಮೇಹದವರು ಮಾವು ಹಲಸುಗಳನ್ನು ಊಟದ ಮೇಲೆ ತಿನ್ನದೆ, ಅನ್ನವನ್ನು ಅಷ್ಟು ತಗ್ಗಿಸಿ ಒಂದೆರಡು ಹೋಳು ತಿನ್ನಬಹುದು. ಎಳನೀರು ಉತ್ತಮವೇ ಆದರೂ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ರೋಗಿಗಳು ವೈದ್ಯರ ಅಪ್ಪಣೆಯಿಲ್ಲದೆ ಕುಡಿಯಬಾರದು.

ಕೊನೆಗೆ ಒಂದು ಕಾಗದ. ಇಬ್ಬರ ರೋಗಗಳು, ಔಷಧಿಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಮದ್ದುಗಳು, ಹೈದರಾಬಾದಿನ ವೈದ್ಯರ ದೂರವಾಣಿ, ಊರಿನ ಹತ್ತಿರದ ಆಸ್ಪತ್ರೆ, ಹೊತ್ತಲ್ಲದ ಹೊತ್ತಿನಲ್ಲಿ ವಾಹನ ತರಬಲ್ಲ ನೆರೆಯವರ ಹೆಸರು—ಇವನ್ನು ಬರೆದು ಬಾಗಿಲ ಬಳಿ ತೂಗುಹಾಕಬೇಕು. ಒಬ್ಬರು ಮೂರ್ಛೆಹೋದಾಗ ಇನ್ನೊಬ್ಬರಿಗೆ ಗಾಬರಿಯಲ್ಲಿ ಯಾವುದೂ ನೆನಪಾಗದು. ಆಗ ಆ ಕಾಗದವೇ ಮಾತನಾಡುತ್ತದೆ. ಮನೆ ಹಳೆಯದಾದಂತೆ ಅದರ ತೊಲೆ ಹೆಂಚುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ದಂಪತಿಗಳು, ಅದರೊಡನೆಯೇ ಹಳೆಯವಾಗುತ್ತಿರುವ ತಮ್ಮ ಎರಡು ದೇಹಗಳಿಗೂ ಅದೇ ಕಾಳಜಿಯನ್ನು ತೋರಲಿ. ಆಗ ಮುಂದಿನ ವಸಂತದಲ್ಲಿಯೂ ಆ ಬೀಗವನ್ನು ತೆರೆಯಲು ಇಬ್ಬರೂ ಜೊತೆಯಾಗಿ ಬರುವರು.